ಗೂಡಿನೊಳಗಿನ ಬಿಳಿ ಪುಡಿ

ಗುಂಡ್ಲುಪೇಟೆಯಲ್ಲಿ 'ನನಗೆ ಗೊತ್ತಿಲ್ಲ' ಎಂಬ ಮಾತನ್ನು ಹುಟ್ಟಿದಾಗಿನಿಂದ ಬಾಯಿಂದ ಹೊರಡಿಸದ ಮನುಷ್ಯ ಒಬ್ಬನೇ, ಅವನು ಪುಟ್ಟಮಲ್ಲಪ್ಪ. ಊಟಿಗೆ ಹೊರಟ ಕಾರು ಹೆದ್ದಾರಿಯಲ್ಲಿ ಕೆಟ್ಟು ನಿಂತರೆ ಅದರ ಬಾನೆಟ್ಟಿನೊಳಗೆ ಮೊದಲು ಬಗ್ಗುವ ತಲೆ ಅವನದು. ಯಾರಿಗಾದರೂ ಮಂಡಿ ನೋವು ಬಂದರೆ ಎಣ್ಣೆ ಹೇಳುವವನು ಅವನು; ಆ ಎಣ್ಣೆಯಿಂದ ನೋವು ಹೆಚ್ಚಾದರೆ ಇನ್ನೊಂದು ಎಣ್ಣೆ ಹೇಳುವವನೂ ಅವನೇ. ದನ ಸಾಕುವ ವಿಷಯದಲ್ಲಂತೂ ಅವನು ಆಡಿದ್ದೇ ಕೊನೆಯ ಮಾತು. ಅದು ಪೂರ್ತಿ ಸುಳ್ಳೂ ಅಲ್ಲ, ಅವನ ಹಸುಗಳು ಚೆನ್ನಾಗಿಯೇ ಹಾಲು ಕೊಡುತ್ತಿದ್ದವು. ಆದರೆ ಅವು ಹಾಲು ಕೊಡುವುದು ತನ್ನ ತಿಳಿವಳಿಕೆಯ ದೆಸೆಯಿಂದಲೇ ಎಂದು ಅವನು ನಂಬಿಬಿಟ್ಟಿದ್ದ. ಮುಂದಿನ ಅನಾಹುತಕ್ಕೆಲ್ಲ ಈ ನಂಬಿಕೆಯೇ ಮೂಲ.

ಅವನ ಹಿತ್ತಲ ಗೋಡೆಯಾಚೆ ಹಾಸಿಗೆ ಹೊಲಿಯುವ ಖುದ್ದೂಸ್‌ನ ಮನೆ. ನಡುವೆ ಎದೆಮಟ್ಟದ ಗೋಡೆ. ಆ ಗೋಡೆಯ ಮೇಲಿಂದ ಕರಿಬೇವು, ಯುಗಾದಿಯ ಒಬ್ಬಟ್ಟು, ರಂಜಾನಿನ ಶಾವಿಗೆ ಪಾಯಸ, ಎರಡೂ ಮನೆಯ ಗುಟ್ಟುಗಳು ಎಲ್ಲವೂ ಆಚೀಚೆ ದಾಟುತ್ತಿದ್ದವು. ದಾಟಬಾರದೆಂದು ಕಟ್ಟಪ್ಪಣೆ ಇದ್ದದ್ದು ಖುದ್ದೂಸ್‌ನ ಕೋಳಿಗಳಿಗೆ ಮಾತ್ರ. ಪುಟ್ಟಮಲ್ಲಪ್ಪನದು ಲಿಂಗಾಯತರ ಮನೆ. ಹೆಂಡತಿ ಗುರುಮಲ್ಲಮ್ಮ ಮದುವೆಯಾಗಿ ಬಂದ ಹೊಸತರಲ್ಲೇ, "ಆ ಕೋಳಿಗೋಳ್ದು ಒಂದು ಪುಕ್ಕ ಈ ಕಡೀಕೆ ಬಿದ್ರೂ ನಾನು ತೌರಿಗೆ ಓಯ್ತೀನಿ" ಎಂದಿದ್ದಳು. ಪುಕ್ಕ ಬೇಕಾದಷ್ಟು ಬಿದ್ದವು, ಆಕೆ ಹೋಗಲಿಲ್ಲ. ಆದರೂ ಮಾತು ಮಾತೇ.

ಈ ಸಲ ಖುದ್ದೂಸ್‌ನ ಮಗಳು ಮುಬಶ್ಶಿರಾ, ಕೇರಳದ ಸುಲ್ತಾನ್ ಬತ್ತೇರಿಯ ಗಂಡನ ಮನೆಯಲ್ಲಿ ದಿನ ತುಂಬಿ ಕೂತಿದ್ದಳು. ಕಾಡಿನ ರಸ್ತೆಯಲ್ಲಿ ಕುಲುಕಿಸಿಕೊಂಡು ತವರಿಗೆ ಬರುವುದು ಬೇಡ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರಿಂದ ಖುದ್ದೂಸ್ ಮತ್ತು ಅವನ ಹೆಂಡತಿ ನಾಸಿರಾ ತಾವೇ ಹೊರಟರು. ಹೊರಡುವ ಮುನ್ನ ಖುದ್ದೂಸ್ ಗೋಡೆಯ ಬಳಿ ಬಂದು ಕೈ ಮುಗಿದ.

"ಅಣ್ಣಾ, ಬ್ಯಾರೆ ಯಾರೂ ಇಲ್ಲ. ಕೋಳಿಗೋಳ ಒಸಿ ನೋಡ್ಕಳಿ. ಬೆಳಿಗ್ಗೆ ಒಂದಿಡಿ ರಾಗಿ ಎರಚಿ ಬಾಗ್ಲು ತಗದ್ಬುಡಿ, ಅವೇ ತಿಪ್ಪೆ ಗಿಪ್ಪೆ ಮೇದ್ಕಂಡು ಬತ್ತವೆ. ಮೊಟ್ಟೆಗೋಳ ನಮ್ಮ ಅಕ್ಕನ್ ಮಗ ಫಹೀಮು ಬಂದು ತಗಂಡೋಯ್ತನೆ. ಆ ಕೆಂಪು ಹುಂಜ ಮಾತ್ರ ನಮ್ಮ ಮುಬಶ್ಶಿರಾ ಅಂಗೈಲಿ ಇಟ್ಕಂಡು ಸಾಕುದ್ದು. ಅವಳು ಮಗೀನ ಎತ್ಕಂಡು ಬಂದಾಗ ಅದು ಕಣ್ಮುಂದೆ ಓಡಾಡ್ಕಂಡಿರ್ಬೇಕು ಅಣ್ಣಾ." ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು.

"ಒಂದಿಡಿ ರಾಗಿಯಾ!" ಎಂದು ಪುಟ್ಟಮಲ್ಲಪ್ಪ ನಕ್ಕ. "ಅದಕ್ಕೇ ನಿನ್ನ ಕೋಳಿಗೋಳು ಇಂಗೆ ಕಡ್ಡಿ ಆಗಿರಾದು. ಕ್ವಾಣದಂತ ಎತ್ತು ಸಾಕ್ದೋನ್ಗೆ ಕೋಳಿ ಯಾವ ಲೆಕ್ಕ ಕಣ ಖುದ್ದೂಸು? ನೀನು ತಿರ್ಗ ಬರೋವೊತ್ಗೆ ನೀನೇ ಗುರ್ತು ಇಡೀಬಾರ್ದು, ಅಂಗ್ ಮಾಡ್ಬುಡ್ತೀನಿ. ನಡಿ."

ಈ ಮಾತನ್ನು ಹಾಲಿನ ಡೈರಿಯ ಬಸವಣ್ಣ ಬೀದಿಯಲ್ಲಿ ನಿಂತು ಕೇಳಿಸಿಕೊಂಡ. ಬಸವಣ್ಣನ ಕಿವಿಗೆ ಬಿದ್ದದ್ದು ಊರಿಗೆ ಬಿದ್ದ ಹಾಗೆ.

ಪುಟ್ಟಮಲ್ಲಪ್ಪ ಕೆಲಸವನ್ನು ಪದ್ಧತಿ ಪ್ರಕಾರ ಶುರು ಮಾಡಿದ. ಹೊರಗೆ ಬಿಟ್ಟರೆ ನಾಯಿ ಇದೆ, ಮುಂಗುಸಿ ಇದೆ, ಟೂರಿಸ್ಟರ ಕಾರುಗಳಿವೆ. ಆದ್ದರಿಂದ ಖುದ್ದೂಸ್‌ನ ಹಿತ್ತಲಿನ ಮೂಲೆಗೆ ಬಲೆ ಕಟ್ಟಿ ಅಷ್ಟೂ ಕೋಳಿಗಳನ್ನು ಕೂಡಿಹಾಕಿದ. ತನ್ನ ಹಸುಗಳಿಗೆ ತಂದ ಬೂಸಾ ಮತ್ತು ಹಿಂಡಿಯನ್ನೇ ನೆನೆಸಿ ಅವಕ್ಕೂ ಇಟ್ಟ. ಕೊಟ್ಟಿಗೆಯಲ್ಲಿ ಹಸುಗಳನ್ನು ಕರೆಯಲು ತಾನು ಮಾಡುವಂತೆ ಹಿತ್ತಾಳೆ ಬಟ್ಟಲಿಗೆ ಉಗುರಿನಿಂದ ಟಣ್ ಟಣ್ ಎಂದು ಹೊಡೆದು ತಿನ್ನಲು ಕರೆಯುವ ಅಭ್ಯಾಸ ಹಿಡಿಸಿದ. ಇದನ್ನು ಮಾತ್ರ ಕೋಳಿಗಳು ಬಲು ಬೇಗ ಕಲಿತವು. ಬಟ್ಟಲ ಸದ್ದಾದರೆ ಸಾಕು, ಬಲೆ ಹರಿದುಕೊಂಡು ಬರುವ ಹಾಗೆ ಮುಗಿಬೀಳುತ್ತಿದ್ದವು. ಕೆಂಪು ಹುಂಜ ಎಲ್ಲರನ್ನೂ ಕೊಕ್ ಕೊಕ್ ಎಂದು ಕರೆದು ತಿನ್ನಿಸಿ ಕೊನೆಗೆ ತಾನು ತಿನ್ನುತ್ತಿತ್ತು. ಅದನ್ನು ನೋಡಿ ಪುಟ್ಟಮಲ್ಲಪ್ಪ, "ಮನೆ ಯಜಮಾನ ಅಂದ್ರೆ ಇಂಗಿರ್ಬೇಕು" ಎಂದು ಹೆಂಡತಿಗೆ ಕೇಳುವಂತೆ ಹೇಳಿದ. ಊಟಕ್ಕೆ ದಿನಾ ಮೊದಲು ಕೂರುವವನು ತಾನೇ ಎಂಬುದು ಅವನಿಗೆ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಗೂಡು ಗುಡಿಸಲು ಒಳಗೆ ಕೈ ಹಾಕಿದಾಗ ಮೊಟ್ಟೆಯೊಂದು ಮೆತ್ತಗೆ ಸಿಕ್ಕಿತು. ಒತ್ತಿದರೆ ಒಳಕ್ಕೆ ಹೋಗುತ್ತದೆ, ಬಿಟ್ಟರೆ ಉಬ್ಬುತ್ತದೆ. ಚಿಪ್ಪೇ ಇಲ್ಲ, ಬರೀ ತೊಗಲು. ಏಳು ತಲೆಮಾರಿನಲ್ಲಿ ಯಾರೂ ಮೊಟ್ಟೆ ಮುಟ್ಟದ ವಂಶದವನು ಅವನು. ಇನ್ನೂ ಹಸಿಯಿರಬೇಕು, ಒಣಗಿದರೆ ಗಟ್ಟಿಯಾಗುತ್ತದೆ ಎಂದುಕೊಂಡು ಸಂಡಿಗೆ ಇಟ್ಟ ಹಾಗೆ ಬಿಸಿಲಿಗಿಟ್ಟ. ಕಾಗೆ ಎತ್ತಿಕೊಂಡು ಹೋಯಿತು. ಮಾರನೆಯ ದಿನ ಅಂಥವೇ ಇನ್ನಷ್ಟು ಸಿಕ್ಕಾಗ ಅವನಿಗೆ ಬೆವರು ಕಿತ್ತುಕೊಂಡಿತು. ಖುದ್ದೂಸ್‌ಗೆ ಫೋನ್ ಮಾಡಿದರೆ ಒಂದೇ ನಿಮಿಷದ ಮಾತು. ಆದರೆ ಗೊತ್ತಿಲ್ಲ ಎನ್ನಬೇಕಾಗುತ್ತದಲ್ಲ!

ಸದ್ದಿಲ್ಲದೆ ಪಶು ಆಸ್ಪತ್ರೆಗೆ ಹೋದ. ಡಾಕ್ಟರಮ್ಮ ಕೇಳಿ ನಕ್ಕರು.

"ಕ್ಯಾಲ್ಸಿಯಂ ಸಾಲ್ದು ಅಷ್ಟೆ. ಮೊಟ್ಟೆ ಸಿಪ್ಪೇನೇ ತೊಳೆದು ಒಣಗಿಸಿ ಪುಡಿ ಮಾಡಿ ಕೊಡಿ, ಸರಿಹೋಗುತ್ತೆ. ಆದ್ರೆ ಒಂದು ವಿಷಯ..."

ಅಷ್ಟರಲ್ಲಿ ಬಾಗಿಲಲ್ಲಿ ಕರುವಿನ ಹಗ್ಗ ಹಿಡಿದ ಬಸವಣ್ಣ ಕಾಣಿಸಿಕೊಂಡ. ಕೋಳಿ ವಿಷಯಕ್ಕೆ ತಾನು ಆಸ್ಪತ್ರೆ ಮೆಟ್ಟಿಲು ಹತ್ತಿದ್ದೇನೆಂದು ಇವನಿಗೆ ತಿಳಿದರೆ ಮಾನ ಉಳಿಯುತ್ತದೆಯೇ? "ಗೊತ್ತಾಯ್ತು, ಗೊತ್ತಾಯ್ತು" ಎನ್ನುತ್ತ ಪುಟ್ಟಮಲ್ಲಪ್ಪ ಹಿಂದಿನ ಬಾಗಿಲಿನಿಂದ ಹೊರಬಿದ್ದ. ಆ ಒಂದು ವಿಷಯ ಡಾಕ್ಟರಮ್ಮನ ಬಾಯಲ್ಲೇ ಉಳಿಯಿತು.

ಇನ್ನು ಸಿಪ್ಪೆ ಎಲ್ಲಿಂದ ತರುವುದು? ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಫಹೀಮ್‌ನ ಎಗ್ ರೈಸ್ ಗಾಡಿ. ಅಂದಿನಿಂದ ದಿನಾ ಸಂಜೆ, ಹಣೆಯ ತುಂಬ ವಿಭೂತಿ ಹಚ್ಚಿದ ಪುಟ್ಟಮಲ್ಲಪ್ಪ ಕಂಕುಳಲ್ಲಿ ಬಟ್ಟೆ ಚೀಲ ಇಟ್ಟುಕೊಂಡು ಆ ಗಾಡಿಯ ಹಿಂದೆ ಕಳ್ಳನ ಹಾಗೆ ನಿಲ್ಲತೊಡಗಿದ.

"ಫಹೀಮಾ, ಜಲ್ದಿ ತುಂಬ್ಲಾ."

"ತಡೀರಿ ಮಾಮಾ, ಈ ಕೇರಳದೋರು ಇನ್ನೆಲ್ಡು ಆಮ್ಲೆಟ್ ಏಳವ್ರೆ. ಒಸಿ ಬಿಸಿಬಿಸಿ ಸಿಕ್ತವೆ ನಿಮ್ಗೆ."

ಈ ಮಾತನ್ನು ಆಡಬಾರದ ಗಳಿಗೆಯಲ್ಲಿ ಫಹೀಮ್ ಆಡಿದ, ಕೇಳಬಾರದವನು ಕೇಳಿಸಿಕೊಂಡ. ಬಸವಣ್ಣ ಅಲ್ಲಿಂದ ಡೈರಿಗೆ ಹೋದಾಗ ಪುಟ್ಟಮಲ್ಲಪ್ಪ ಒಂದು ಆಮ್ಲೆಟ್ ತಿಂದಿದ್ದ. ಮಾತು ಟೀ ಅಂಗಡಿ ತಲುಪುವ ಹೊತ್ತಿಗೆ ಒಂದು ಡಜನ್ ತಿಂದಿದ್ದ. ಕ್ಷೌರದಂಗಡಿ ದಾಟುವಷ್ಟರಲ್ಲಿ ಮೊಟ್ಟೆಯನ್ನು ಸಿಪ್ಪೆ ಸಮೇತ ನುಂಗುತ್ತಿದ್ದ. ಇದಕ್ಕೆ ಸಾಕ್ಷಿಯೂ ಇತ್ತು: ತೊಳೆದ ಸಿಪ್ಪೆಗಳು ಅವನ ಮನೆಯ ತಾರಸಿಯ ಮೇಲೆ ಬೆಳ್ಳಗೆ ಒಣಗುತ್ತಿದ್ದವು.

ನಿಜ ಹೇಳಿಬಿಡಬಹುದಿತ್ತು. ಗುರುಮಲ್ಲಮ್ಮನೂ ಅದನ್ನೇ ಹೇಳಿದಳು. "ಕೋಳಿಗೆ ಅಂತ ಏಳ್ಬುಡಿ, ಮಾನ ಉಳೀಲಿ."

"ಏಳುದ್ರೆ ತೊಗಲು ಮೊಟ್ಟೆ ಇಕ್ಕುದ್ವು ಅಂತ್ಲೂ ಏಳ್ಬೇಕಾಯ್ತದೆ. ಮಾನ ಎಲ್ಲುಳೀತದೆ? ಅಂಗಿಸ್ತಾರೆ ಕಣೆ, ಸುಮ್ಕಿರು."

ಸಿಪ್ಪೆಯನ್ನು ಹಿತ್ತಲಿನ ಒರಳಲ್ಲಿ ಕುಟ್ಟಿ, ತನ್ನ ಹಳೆಯ ಶಲ್ಯದಲ್ಲಿ ಸೋಸಿ, ಕೈಗೆ ಹತ್ತಿದರೆ ಹೂವಿನ ಪುಡಿಯಂತಿರುವಷ್ಟು ನುಣ್ಣಗೆ ಮಾಡಿದ. ಹಿಂಡಿಗೆ ಧಾರಾಳವಾಗಿ ಬೆರೆಸಿ ಹೇಟೆ ಹುಂಜ ಎಂಬ ಭೇದವಿಲ್ಲದೆ ಎಲ್ಲಕ್ಕೂ ಇಟ್ಟ. ಚಿಪ್ಪು ಗಟ್ಟಿಯಾಯಿತು. ಪುಟ್ಟಮಲ್ಲಪ್ಪ ಇನ್ನೊಂದಿಷ್ಟು ಬೆರೆಸಿದ. ಆದರೆ ಕೆಂಪು ಹುಂಜ ತೂಕಡಿಸತೊಡಗಿತು. ರೆಕ್ಕೆ ಜೋತುಬಿತ್ತು. ಒಂದು ದಿನ ಕೂಗುವುದನ್ನೇ ನಿಲ್ಲಿಸಿತು.

ಹುಂಜದ ಬಾಯಿ ಕಟ್ಟಿದ ಆ ದಿನವೇ ಖುದ್ದೂಸ್ ಫೋನ್ ಮಾಡಿದ. "ಅಣ್ಣಾ, ಹೆಣ್ಮಗು! ಇಬ್ರೂ ಚೆನ್ನಾಗವ್ರೆ. ಮುಬಶ್ಶಿರಾ ಒಂದೇ ಹಟ ಮಾಡ್ತಾವ್ಳೆ, ಹುಂಜ ಕೂಗಾದ ಕೇಳ್ಬೇಕಂತೆ. ಒಸಿ ಫೋನ ಅದರ ಹತ್ರ ಹಿಡೀರಿ."

ಪುಟ್ಟಮಲ್ಲಪ್ಪ ಹುಂಜವನ್ನು ನೋಡಿದ. ಹುಂಜ ಅವನನ್ನು ನೋಡಿ ಕಣ್ಣು ಮುಚ್ಚಿತು. ಹಸಿ ಬಾಣಂತಿಯ ಆಸೆ, ಇಲ್ಲ ಎನ್ನಲಾದೀತೇ? ಹುಲ್ಲಿನ ಮೆದೆಯ ಹಿಂದೆ ಹೋಗಿ, ಎದೆ ತುಂಬ ಉಸಿರು ಎಳೆದುಕೊಂಡು, ಕತ್ತು ಮೇಲೆತ್ತಿ, "ಕೊಕ್ಕೊಕ್ಕೋ... ಕ್ಕೋ!" ಎಂದು ಕೂಗಿದ. ಆ ಕಡೆ ಮುಬಶ್ಶಿರಾ ನಕ್ಕಿದ್ದು ಕೇಳಿಸಿತು. ಇನ್ನೊಂದು ಸಲ ಎಂದಳು. ಇನ್ನೊಂದು ಸಲ ಕೂಗಿದ. ಫೋನ್ ಇಟ್ಟು ತಿರುಗಿದರೆ ಹಾಲಿನ ಕ್ಯಾನು ಕೈಯಲ್ಲಿ ಹಿಡಿದ ಬಸವಣ್ಣ ಬಾಯಿ ಬಿಟ್ಟುಕೊಂಡು ನಿಂತಿದ್ದ.

"ಪುಟ್ಮಲ್ಲಪ್ಪಾ..." ಎಂದ ಬಸವಣ್ಣ. ಅವನ ದನಿಯಲ್ಲಿ ನಿಜವಾದ ದುಃಖವಿತ್ತು. "ಮೊಟ್ಟೆ ಬುಟ್ಬುಡು ಕಣಪ್ಪ. ಇನ್ನೂ ವೊತ್ತು ಮೀರಿಲ್ಲ."

ಅಂದೇ ಮಧ್ಯಾಹ್ನ ಸುದ್ದಿ ಚಾಮರಾಜನಗರ ದಾಟಿ ಹರದನಹಳ್ಳಿ ಮುಟ್ಟಿತು. ಅಲ್ಲಿಗೆ ಮುಟ್ಟಿದ್ದೇ ಕೇಡಾಯಿತು.

ಪುಟ್ಟಮಲ್ಲಪ್ಪನ ಒಬ್ಬಳೇ ಮಗಳು ರೂಪಶ್ರೀ ಶಾಲೆಯಲ್ಲಿ ಮೇಡಂ. ಮಕ್ಕಳನ್ನು ಬಂಡೀಪುರ ತೋರಿಸಲು ಕರೆದುಕೊಂಡು ಹೋದಾಗ ಅರಣ್ಯ ಇಲಾಖೆಯ ಕಚೇರಿಯಲ್ಲಿದ್ದ ಹರದನಹಳ್ಳಿಯ ರವಿಕುಮಾರನ ಪರಿಚಯವಾಗಿತ್ತು. ಹುಡುಗ ಒಳ್ಳೆಯವನು, ಜಾತಿಯೂ ಒಂದೇ, ಹುಡುಗನ ತಾಯಿಗೂ ಒಪ್ಪಿಗೆ. ಇನ್ನು ಉಳಿದದ್ದು ಸೋದರಮಾವ ಮಹದೇವಸ್ವಾಮಿಗಳ ಒಪ್ಪಿಗೆ. ತಂದೆಯಿಲ್ಲದ ಆ ಮನೆಯಲ್ಲಿ ಅವರ ಮಾತನ್ನು ದಾಟಿ ಒಂದು ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ.

ಅವರ ಆಚಾರದ ಮಾತು ಆ ಸೀಮೆಗೆಲ್ಲ ಗೊತ್ತಿತ್ತು. ಹಿಂದೆ ರವಿಕುಮಾರನಿಗೆ ನೋಡಿದ್ದ ಒಂದು ಸಂಬಂಧವನ್ನು, ಆ ಮನೆಯ ಮಗುವಿನ ಹುಟ್ಟುಹಬ್ಬದಲ್ಲಿ ಮೊಟ್ಟೆ ಹಾಕಿದ ಕೇಕ್ ಕತ್ತರಿಸಿದರೆಂಬ ಒಂದೇ ಕಾರಣಕ್ಕೆ ಕಿತ್ತೆಸೆದಿದ್ದರು. ಗಡಿಯಾಚೆ ತಾಳವಾಡಿಯಲ್ಲಿ ಅವರದೊಂದು ಅರಿಶಿನದ ತೋಟ. ಅಲ್ಲಿಂದ ಬಂದ ದಿನ ಬಾವಿಯ ಹತ್ತಿರವೇ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ವಿಭೂತಿ ಧರಿಸಿಯೇ ಹೊಸ್ತಿಲು ದಾಟುವರು. ತೋಟಕ್ಕೆ ಮನೆಯವರನ್ನೂ ಕರೆದುಕೊಂಡು ಹೋಗುವುದಿಲ್ಲ, ಮಡಿ ಕೆಡುತ್ತದಂತೆ. ಮಡಿ ಅಂದರೆ ಅದು ಎಂದು ಹಿರಿಯರು ಮಕ್ಕಳಿಗೆ ಅವರನ್ನು ತೋರಿಸಿ ಹೇಳುತ್ತಿದ್ದರು.

ಅಂಥವರು ಫೋನ್ ಮಾಡಿದರು. "ತಮ್ಮ ಬಗ್ಗೆ ಒಂದು ಮಾತು ಕಿವಿಗೆ ಬಿತ್ತು. ನಾನು ಕೇಳಿದ್ದನ್ನ ನಂಬೋನಲ್ಲ. ಸೋಮವಾರ ಬರ್ತೀವಿ. ಕಣ್ಣಾರೆ ನೋಡ್ತೀನಿ." ಅಷ್ಟೇ. ಫೋನ್ ಇಟ್ಟರು.

ರೂಪಶ್ರೀ ಅಂದು ಊಟ ಮಾಡಲಿಲ್ಲ. ಮಲಗುವ ಮುನ್ನ ಅಪ್ಪನ ಹತ್ತಿರ ಬಂದು ಇಷ್ಟೇ ಹೇಳಿದಳು: "ಅಪ್ಪಾ, ನಾನು ಇಲ್ಲೀತನ್ಕ ನಿಮ್ಮುನ್ನ ಏನೂ ಕೇಳಿಲ್ಲ. ಸ್ವಾಮವಾರ ಒಂದಿನ, ಯಾವ ವಿಷ್ಯಕ್ಕೂ ನಂಗೊತ್ತು ಅನ್ಬೇಡಿ."

ಈ ಮಗುವಿನ ಬದುಕು ತನ್ನ ಬಾಯಿಂದಾಗಿ ಮುರಿದುಬಿದ್ದರೆ ತಾನು ಇದ್ದೇನು ಪ್ರಯೋಜನ ಎಂದುಕೊಂಡ ಪುಟ್ಟಮಲ್ಲಪ್ಪ. ಜೊತೆಗೆ ಆ ಹುಂಜ ಬೇರೆ. ಎರಡು ಮನೆಯ ಹೆಣ್ಣುಮಕ್ಕಳ ಆಸೆ ಅವನ ತಲೆಯ ಮೇಲೆ ಕೂತಿತ್ತು.

ಸೋಮವಾರ ಬೆಳಿಗ್ಗೆಯಿಂದ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರಾಡಲಿಲ್ಲ. ತಾರಸಿಯ ಸಿಪ್ಪೆಯೆಲ್ಲ ಮೂಟೆ ಕಟ್ಟಿ ಕೊಟ್ಟಿಗೆಯ ಅಟ್ಟ ಸೇರಿತು. ಒರಳನ್ನು ಮೂರು ಸಲ ತೊಳೆದು ಬೋರಲು ಹಾಕಿದರು. ಬಲೆಯ ಮುಂದೆ ಗೋಣಿತಾಟು ಇಳಿಬಿಟ್ಟರು. ಗುರುಮಲ್ಲಮ್ಮ ಮುಂಬಾಗಿಲ ಗೂಡಿನಲ್ಲಿ ವಿಭೂತಿಗಟ್ಟಿ ಇಟ್ಟು, ತಂಬಿಗೆಯಲ್ಲಿ ನೀರು ತುಂಬಿ, ಚಾಪೆ ಹಾಸಿದಳು. ಎಲ್ಲ ಸರಿಯಾಗಿತ್ತು. ಮರೆತದ್ದು ಒಂದನ್ನೇ. ಬೆಳಿಗ್ಗೆ ಕೋಳಿಗಳಿಗೆ ತಿನ್ನಲಿಟ್ಟು ಬಂದ ಪುಟ್ಟಮಲ್ಲಪ್ಪ, ಆ ಹಿತ್ತಾಳೆ ಬಟ್ಟಲನ್ನು ಉಳಿದ ಸಿಪ್ಪೆಪುಡಿಯ ಸಮೇತ ಹಿತ್ತಲ ಬಚ್ಚಲಿನ ಗೋಡೆಗೂಡಿನಲ್ಲಿ ಇಟ್ಟಿದ್ದ.

ಕಾರು ಬಂತು. ರವಿಕುಮಾರ ಇಳಿದ, ಅವನ ತಾಯಿ ಇಳಿದರು, ಕೊನೆಗೆ ಬಿಳಿ ಪಂಚೆ, ಬಿಳಿ ಶಲ್ಯದ ಮಹದೇವಸ್ವಾಮಿಗಳು ಇಳಿದರು. ಪಾಯಸಕ್ಕೆ ಹಾಲು ತರುವ ನೆವದಲ್ಲಿ ಬಸವಣ್ಣನೂ ಬಂದು ಕಂಬಕ್ಕೆ ಒರಗಿ ನಿಂತಿದ್ದ. ಇಂಥ ದಿನ ಅವನು ಮನೆಯಲ್ಲಿ ಕೂರುವುದುಂಟೇ?

"ಬನ್ನಿ ಬುದ್ಧಿ, ಬನ್ನಿ. ನೀರು ಇಲ್ಲೇ ಐತೆ" ಎಂದು ಪುಟ್ಟಮಲ್ಲಪ್ಪ ತಂಬಿಗೆ ಹಿಡಿದ.

"ಬೇಡಿ. ಹಿತ್ತಲು ಯಾವ ಕಡೆ? ಮನೆ ಶುದ್ಧ ಹಿತ್ತಲಲ್ಲಿ ತಿಳಿಯುತ್ತೆ, ಜಗುಲೀಲಲ್ಲ" ಎಂದು ಸ್ವಾಮಿಗಳು ಪಕ್ಕದ ಓಣಿಯಿಂದ ನೇರ ಹಿಂದಕ್ಕೆ ನಡೆದೇಬಿಟ್ಟರು. ಎಲ್ಲರೂ ಹಿಂದೆಯೇ ಓಡಿದರು.

ಅವರು ಒರಳನ್ನು ನೋಡಿದರು. ಕೊಟ್ಟಿಗೆ ನೋಡಿದರು. ಅಟ್ಟದ ಕಡೆ ಕತ್ತೆತ್ತಿದರು. ಕತ್ತಿಳಿಸಿ ಬಚ್ಚಲಿಗೆ ಹೋಗಿ ಕೈಕಾಲು ತೊಳೆದರು. ಮುಖ ಒರೆಸಿಕೊಳ್ಳುತ್ತ ಗೂಡಿನ ಕಡೆ ತಿರುಗಿದರು. ಹಿತ್ತಾಳೆ ಬಟ್ಟಲು, ಅದರಲ್ಲಿ ಹಾಲಿನಂಥ ನುಣ್ಣನೆ ಬಿಳಿ ಪುಡಿ.

"ಓಹೋ, ಬಚ್ಚಲಲ್ಲೂ ಭಸ್ಮ ಇಟ್ಟಿದ್ದೀರಿ" ಎಂದರು. ಅವರ ಮುಖ ಮೊದಲ ಸಲ ಸಡಿಲವಾಯಿತು. "ಆಚಾರ ಅಂದ್ರೆ ಇದು."

ಗುರುಮಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸ್ವಾಮಿಗಳು ಕಣ್ಣು ಮುಚ್ಚಿ, ಶಿವ ಶಿವಾ ಎನ್ನುತ್ತ, ಫಹೀಮ್‌ನ ಗಾಡಿಯ ಅಷ್ಟೂ ಆಮ್ಲೆಟ್ಟಿನ ಸಿಪ್ಪೆಯನ್ನು ಮೂರು ಬೆರಳಲ್ಲಿ ಹಣೆಗೆ ಎಳೆದುಕೊಂಡರು. ಆಮೇಲೆ ತೋಳಿಗೆ. ಆಮೇಲೆ ಎದೆಗೆ. ಬಟ್ಟಲ ತಳದಲ್ಲಿ ಗಟ್ಟಿಯಾಗಿ ಕೂತ ಪುಡಿಯನ್ನು ಸಡಿಲಿಸಲು ಅಂಚಿಗೆ ಉಗುರಿನಿಂದ ಹೊಡೆದರು.

ಟಣ್ ಟಣ್.

ಗೋಡೆಯಾಚೆ ಬಲೆ ಹರಿದ ಸದ್ದು, ಗೋಣಿತಾಟು ಬಿದ್ದ ಸದ್ದು. ಗೋಡೆಯ ಮೇಲೆ ಒಂದು ತಲೆ ಕಾಣಿಸಿತು, ಇನ್ನೊಂದು ಕಾಣಿಸಿತು. ನೋಡುನೋಡುತ್ತ ಖುದ್ದೂಸ್‌ನ ಕೋಳಿಗಳೆಲ್ಲ ಪಟಪಟನೆ ಹಾರಿ ಬಂದು ಸ್ವಾಮಿಗಳ ಸುತ್ತ ಕತ್ತು ಮೇಲೆತ್ತಿ ನಿಂತವು. ಅತ್ತಿತ್ತ ಅಲುಗಲಿಲ್ಲ. ಕಣ್ಣೆಲ್ಲ ಬಟ್ಟಲ ಮೇಲೆ. ಎಲ್ಲಕ್ಕಿಂತ ಕೊನೆಗೆ ಕೆಂಪು ಹುಂಜ ಗೋಡೆ ಹತ್ತಿ, ಈಚೆಗೆ ಉರುಳಿ, ಜೋಲುಮೋರೆ ಹಾಕಿಕೊಂಡು ದೂರ ಕೂತಿತು.

"ಶಿವನೇ!" ಎಂದು ಬಸವಣ್ಣ ಕೈ ಜೋಡಿಸಿದ. "ಮೂಕಪ್ರಾಣಿಗೂ ಇಬೂತಿ ಅಂದ್ರೆ ಎಂತಾ ಬಕ್ತಿ! ಸ್ವಾಮ್ಗೋಳ ಕೈಗುಣ! ಪುಟ್ಮಲ್ಲಪ್ಪಾ, ನಿನ್ನ ಬಗ್ಗೆ ಏನೇನೋ ಅಂದ್ಬುಟ್ಟೆ ಕಣಪ್ಪ, ಬಾಯಿಗೆ ಉಳ ಬೀಳ!"

"ಇರಬಹುದು" ಎಂದರು ಮಹದೇವಸ್ವಾಮಿಗಳು. ಆದರೆ ಅವರ ದೃಷ್ಟಿ ಭಕ್ತಕೋಟಿಯ ಮೇಲಿರಲಿಲ್ಲ. ಅದು ಹುಂಜದ ಕಡೆ ಹೋಯಿತು. ಪ್ರಯಾಸದಿಂದ ಹಿಂದಕ್ಕೆ ಬಂತು. ಮತ್ತೆ ಹೋಯಿತು.

"ಒಳ್ಳೇ ಮನೆ. ನನಗೆ ಒಪ್ಪಿಗೆ" ಎಂದು ಅವರು ಕೊನೆಗೂ ಹೇಳಿದಾಗ ರವಿಕುಮಾರ ಹಿಡಿದಿದ್ದ ಉಸಿರು ಬಿಟ್ಟ. "ಎಲ್ಲಿ ಮಗಳು? ಬಾರಮ್ಮ. ಈ ಭಸ್ಮದಿಂದಲೇ ಹರಸಿಬಿಡ್ತೀನಿ."

ರೂಪಶ್ರೀ ಮುಂದೆ ಬಂದಳು. ಆ ಪುಡಿ ಏನೆಂದು ಅವಳಿಗೆ ಚೆನ್ನಾಗಿ ಗೊತ್ತು. ಅದನ್ನು ಸೋಸುವಾಗ ಶಲ್ಯದ ಇನ್ನೊಂದು ಚುಂಗು ಹಿಡಿದವಳು ಅವಳೇ. ಸ್ವಾಮಿಗಳು ಅವಳ ಹಣೆಗೆ ಹಚ್ಚಿದರು. ಆಮೇಲೆ ಎರಡು ಬೆರಳಲ್ಲಿ ಒಂದು ಚಿಟಿಕೆ ಎತ್ತಿದರು.

"ಬಾಯಿ ತೆರಿ ಮಗಳೇ. ನಾಲಿಗೆಗೆ ಬೀಳಲಿ, ಜನ್ಮ ಪಾವನ."

ರೂಪಶ್ರೀ ಅಪ್ಪನ ಮುಖ ನೋಡಿದಳು. ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಳು.

ಪುಟ್ಟಮಲ್ಲಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಸುಮ್ಮನಿದ್ದರೆ ಮದುವೆ ಆಗಿಹೋಗುತ್ತಿತ್ತು. ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ತನ್ನ ಜಂಬವನ್ನು ಮಗಳು ನುಂಗುವುದೇ?

"ಬ್ಯಾಡಾ!" ಎಂದು ಕಿರುಚಿದ. "ಬ್ಯಾಡಾ ಬುದ್ಧಿ! ಅದು ಇಬೂತಿ ಅಲ್ಲ! ಮೊಟ್ಟೆ ಸಿಪ್ಪೆ!"

ಸ್ವಾಮಿಗಳ ಬೆರಳು ಗಾಳಿಯಲ್ಲೇ ನಿಂತಿತು. ಪುಟ್ಟಮಲ್ಲಪ್ಪ ಉಸಿರು ಬಿಡದೆ ಎಲ್ಲ ಹೇಳಿಬಿಟ್ಟ: ತೊಗಲು ಮೊಟ್ಟೆ, ಆಸ್ಪತ್ರೆ, ಫಹೀಮ್‌ನ ಗಾಡಿ, ಒರಳು, ಹುಂಜದ ಬದಲು ತಾನು ಕೂಗಿದ್ದು. "ನಾವು ಯಾರೂ ಮೊಟ್ಟೆ ತಿಂದಿಲ್ಲ ಬುದ್ಧಿ. ಕೋಳಿ ಸಾಕಕ್ಕೆ ಬತ್ತದೆ ಅಂತ ಜಂಬ ಕೊಚ್ಕಂಡೆ. ಕೇಳಿದ್ಮೇಲೆ ಬುಟ್ಟೋಗಿ, ಏನಾರ ಅನ್ನಿ. ನನ್ನ ಮಗೀನ ಮಾತ್ರ ಏನೂ ಅನ್ಬೇಡಿ."

ಗಂಡಿನ ತಾಯಿ ಗೋಡೆಗೆ ಒರಗಿದರು. ರವಿಕುಮಾರ ಕಣ್ಣು ಮುಚ್ಚಿದ. ಒಂದು ಕೇಕಿಗೆ ಸಂಬಂಧ ಮುರಿದವರು ಹಣೆ, ತೋಳು, ಎದೆಯ ತುಂಬ ಮೊಟ್ಟೆಯ ಸಿಪ್ಪೆ ಬಳಿದುಕೊಂಡು ನಿಂತಿದ್ದಾರೆ. ಇನ್ನೇನು ಭೂಮಿ ಬಾಯಿ ಬಿಡುವುದೊಂದು ಬಾಕಿ.

ಮಹದೇವಸ್ವಾಮಿಗಳು ಬೆರಳಿನ ಪುಡಿಯನ್ನು ನೋಡಿದರು. ಹೆಬ್ಬೆರಳಿನಿಂದ ಉಜ್ಜಿದರು. ಅವರ ಹುಬ್ಬು ಗಂಟಿಕ್ಕಿತು.

"ಅಲ್ರೀ" ಎಂದರು, "ಇಷ್ಟು ನುಣ್ಣುಗ್ಯಾಕೆ ಅರೆದ್ರಿ?"

ಯಾರಿಗೂ ಅರ್ಥವಾಗಲಿಲ್ಲ.

"ರವೆ ಅಂಗಿರ್ಬೇಕು ಕಣ್ರೀ! ಇಂಗೆ ಹಿಟ್ಟು ಮಾಡುದ್ರೆ ಹೇಟೆ ಹೊಟ್ಟೇಲಿ ನಿಲ್ಲದೇ ಇಲ್ಲ, ಅಂಗೇ ಒಂಟೋಯ್ತದೆ. ಇದ್ನ ಏನು, ಮೇವಿಗೆ ಬೆರೆಸ್ತಿದ್ರಾ? ಹುಂಜಕ್ಕೂವೆ? ಕೆಟ್ರಲ್ಲಪ್ಪ! ಮೊಟ್ಟೆ ಇಕ್ಕದೇ ಇರೋದಕ್ಕೆ ಸುಣ್ಣ ತಿನ್ಸುದ್ರೆ ಮೂತ್ರಪಿಂಡ ಒಂಟೋಯ್ತದೆ. ನಾನು ಬಂದಾಗ್ಲಿಂದ ನೋಡ್ತಾವ್ನಿ, ಹುಂಜ ಸಾಯಕ್ಕೆ ಕೂತದೆ!"

ಪೇಟೆಯ ಮಾತು ಎಲ್ಲಿ ಹೋಯಿತೋ, ಪಂಚೆ ಎತ್ತಿ ಕಟ್ಟಿ ನಾಲ್ಕೇ ಹೆಜ್ಜೆಗೆ ಹುಂಜದ ಹತ್ತಿರ ಹೋದರು. ಎರಡೂ ರೆಕ್ಕೆ ಒಂದೇ ಕೈಗೆ ಸಿಗುವಂತೆ ಹಿಡಿದು, ಬುಡ ಮುಂದಾಗಿ ತಲೆ ಹಿಂದಾಗಿ ಕಂಕುಳಿಗೆ ಸಿಕ್ಕಿಸಿಕೊಂಡು, ಎದೆಯ ಚೀಲ ಒತ್ತಿ ನೋಡಿ, ಕಾಲು ಮುಟ್ಟಿ ನೋಡಿ, ಪುಕ್ಕ ಸರಿಸಿ ಉಸಿರು ಊದಿ ನೋಡಿದರು. "ಇನ್ನೂ ವೊತ್ತಾಗಿಲ್ಲ, ಉಳೀತದೆ. ನೀರು ತನ್ನಿ. ಬಲೆ ಕಿತ್ತಾಕಿ, ಹೊರಗೆ ಮೇಯ್ಲಿ. ಇನ್ನೊಂದು ಬಟ್ಲು ತನ್ನಿ. ಒಂದ್ರಲ್ಲಿ ಕಾಳು, ಒಂದ್ರಲ್ಲಿ ಸಿಪ್ಪೆ. ಬೇಕಾದ್ದು ಬೇಕಾದಾಗ ಬಂದು ತಿಂತದೆ, ಬ್ಯಾಡ್ದಿದ್ದದ್ದು ಅತ್ತ ಮೂಸಿನೂ ನೋಡಲ್ಲ. ಎಲ್ಲಾರ್ಗೂ ಒಂದೇ ಅಂತ ಬಾಯಿಗೆ ತುರುಕಬಾರ್ದು!"

ಇಷ್ಟು ಹೇಳಿ ತಲೆಯೆತ್ತಿದರು. ಹಿತ್ತಲಿನ ಅಷ್ಟೂ ಕಣ್ಣು ತಮ್ಮ ಕಂಕುಳ ಮೇಲಿರುವುದು ಆಗ ಅವರಿಗೆ ಕಾಣಿಸಿತು.

"ಮಾವಾ" ಎಂದ ರವಿಕುಮಾರ ಮೆಲ್ಲಗೆ, "ಇದೆಲ್ಲ ನಿಮ್ಗೆ ಹೆಂಗೆ ಗೊತ್ತು?"

ಸ್ವಾಮಿಗಳು ಹುಂಜದ ಪುಕ್ಕ ನೇವರಿಸಿದರು.

"ಅಣ್ಣಾ" ಎಂದರು ಅವರ ತಂಗಿ, ರವಿಕುಮಾರನ ತಾಯಿ. "ತಾಳವಾಡೀಲಿ ಅರಿಸ್ನ ತಾನೇ?"

"ಅರಿಸ್ನವೇ ಕಣಮ್ಮ" ಎಂದರು ಸ್ವಾಮಿಗಳು. "ಸುತ್ತಾ ಅರಿಸ್ನವೇ."

"ನಡೂಕೆ?"

"ನಡೂಕೆ... ಒಂದು ಶೆಡ್ಡು." ಹುಂಜ ಕಂಕುಳಲ್ಲಿ ಕೊಕ್ ಎಂದಿತು. "ದೊಡ್ಡುದೇನಲ್ಲ."

ಬಾವಿಯ ಹತ್ತಿರದ ಸ್ನಾನ, ಬಟ್ಟೆ ಬದಲಾಯಿಸುವುದು, ಮನೆಯವರನ್ನು ತೋಟಕ್ಕೆ ಬಿಡದ ಮಡಿ, ಎಲ್ಲವೂ ಒಂದೊಂದಾಗಿ ತಂಗಿಯ ಮುಖದ ಮೇಲೆ ಬಂದು ಹೋದವು. ಬಸವಣ್ಣ ಹಾಲಿನ ಕ್ಯಾನನ್ನು ಮೆಲ್ಲಗೆ ಕೆಳಗಿಟ್ಟ. ಇಂಥ ಸುದ್ದಿಗೆ ಎರಡೂ ಕೈ ಖಾಲಿ ಇರಬೇಕು.

ಮೊದಲು ಮಾತಾಡಿದವಳು ಗುರುಮಲ್ಲಮ್ಮ. ಮೂವತ್ತು ವರ್ಷದಿಂದ ಪುಕ್ಕ ಬೀಳಬಾರದೆಂದಿದ್ದ ಹಿತ್ತಲಲ್ಲಿ, ಕೋಳಿಗಳ ನಡುವೆ, ಆಕೆ ಎರಡನೇ ಬಟ್ಟಲನ್ನು ತಂದು ಸ್ವಾಮಿಗಳ ಮುಂದಿಟ್ಟಳು.

"ಬ್ಯಾಡ್ದೋರ್ ಬಾಯಿಗೆ ತುರುಕಬಾರ್ದು, ಬೇಕಾದೋರು ತಿನ್ಲಿ. ಒಳ್ಳೇ ಮಾತು ಸ್ವಾಮಿ" ಎಂದಳು. "ಇದ್ನ ಆ ಕೇಕ್‌ನೋರ ಮನೇಲೂ ಏಳ್ಬೌದಾಗಿತ್ತು."

ರವಿಕುಮಾರ ನಗು ತಡೆಯಲು ಗೋಡೆಗೆ ಮುಖ ಮಾಡಿದ. ತಡೆಯಲಾಗಲಿಲ್ಲ. ಅವನ ತಾಯಿ ನಕ್ಕರು, ರೂಪಶ್ರೀ ನಗುತ್ತ ಅತ್ತುಬಿಟ್ಟಳು. ಮಹದೇವಸ್ವಾಮಿಗಳು ಹುಂಜವನ್ನು ಇಳಿಸಿ, ಬಚ್ಚಲಿಗೆ ಹೋಗಿ ಮೈಯೆಲ್ಲ ತೊಳೆದುಕೊಂಡು ಬಂದರು. ಗುರುಮಲ್ಲಮ್ಮ ದೇವರ ಮನೆಯಿಂದ ವಿಭೂತಿ ತಂದು ಹಿಡಿದಳು. ಅವರು ಕೈ ಚಾಚಿ, ತಡೆದು, ಬೆರಳಲ್ಲಿ ಒಂದಿಷ್ಟು ಉಜ್ಜಿ, ಮೂಸಿ ನೋಡಿ, ಆಮೇಲೆ ಹಚ್ಚಿಕೊಂಡರು.

"ಒಪ್ಪಿಗೆ ಅಂತ ಆಗ್ಲೇ ಹೇಳಿದ್ದೀನಲ್ಲ" ಎಂದರು. "ಪಾಯಸ ಹಾಕಿ."

ಖುದ್ದೂಸ್‌ನ ಸಂಸಾರ ಮರಳಿ ಬಂದ ದಿನ ಕೆಂಪು ಹುಂಜ ತಿಪ್ಪೆಯ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಕೋಳಿಗಳು ಹಿತ್ತಲ ತುಂಬ ಕೆದಕುತ್ತಿದ್ದವು, ಎರಡು ಬಟ್ಟಲು ಎರಡು ಕಡೆ ಇದ್ದವು. ಖುದ್ದೂಸ್ ಪುಟ್ಟಮಲ್ಲಪ್ಪನ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಗುರುಮಲ್ಲಮ್ಮ ಗೋಡೆಯ ಮೇಲಿಂದಲೇ ಮಗುವನ್ನು ಎತ್ತಿಕೊಂಡಳು.

ಮುಬಶ್ಶಿರಾ ಹುಂಜದ ಕೂಗನ್ನು ಒಮ್ಮೆ ಕೇಳಿದಳು. ಇನ್ನೊಮ್ಮೆ ಕೇಳಿದಳು. ಅವಳ ಮುಖ ಸಣ್ಣಗಾಯಿತು.

"ಇದಲ್ಲ ಮಲ್ಲಪ್ಪ ಮಾಮ" ಎಂದಳು. "ಫೋನಲ್ಲಿ ಕೂಗ್ತಲ್ಲ, ಅದು ಇದಕ್ಕಿಂತ ಎಷ್ಟು ಚೆನ್ನಾಗಿ ಕೂಗ್ತು! ಆ ಹುಂಜ ಎಲ್ಲೋಯ್ತು?"

ಗುಂಡ್ಲುಪೇಟೆಯ ಪುಟ್ಟಮಲ್ಲಪ್ಪ ಹೆಂಡತಿಯ ಕಡೆ ನೋಡಿದ. ಮಗಳ ಕಡೆ ನೋಡಿದ. ಬೀದಿಯಲ್ಲಿ ಬಸವಣ್ಣ ನಿಂತಿದ್ದಾನೆಯೇ ಎಂದು ನೋಡಿದ, ನಿಂತಿದ್ದ. ಗಂಟಲು ಸರಿಮಾಡಿಕೊಂಡು, ಜನ್ಮದಲ್ಲಿ ಮೊದಲ ಸಲ ಆ ಮಾತನ್ನು ಬಾಯಿಂದ ಹೊರಡಿಸಿದ.

"ನಂಗೊತ್ತಿಲ್ಲ ಕಣವ್ವ."